ಗೋಂದಕ್ಕನ ಹರಿದ ಪುಸ್ತಕಗಳು

ನಮ್ಮಕ್ಕ ಇಪ್ಪತ್ತೆರಡು ವರ್ಷದಿಂದ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದಾಳೆ. ಹರಿದ ಪುಸ್ತಕಗಳ ಬೆನ್ನಿಗೆ ಹಳೇ ದಿಂಬಿನ ಬಟ್ಟೆ ಕತ್ತರಿಸಿ ಅಂಟಿಸುತ್ತ ಕೂರುವ ಅವಳನ್ನು ಮಕ್ಕಳು ಗೋಂದಕ್ಕ ಎನ್ನುತ್ತಾರೆ. ನನ್ನದೂ ಅದೇ ಕೆಲಸ, ಬೇರೆ ಶಾಲೆಯಲ್ಲಿ.

ಈ ಸಲ ನಮ್ಮ ವಲಯದ ಶಾಲಾ ಲೈಬ್ರರಿಯನ್‌ಗಳ ತರಬೇತಿಗೆ ಎಲ್ಲರೂ ಹತ್ತು ಪುಸ್ತಕ ತಂದು ತೋರಿಸಬೇಕಿತ್ತು. ತರಬೇತಿಯ ಅಧಿಕಾರಿ ಅಕ್ಕನ ಪುಸ್ತಕವೊಂದನ್ನು ಸತ್ತ ಇಲಿಯಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದರು.

"ನೋಡ್ರಿ, ಪುಸ್ತಕ ಇಟ್ಕೊಳ್ಳೋ ರೀತಿನಾ ಇದು?"

ಉತ್ತಮ ಲೈಬ್ರರಿ ಪ್ರಶಸ್ತಿ ಪಕ್ಕದ ಶಾಲೆಯ ಮೇಷ್ಟ್ರಿಗೆ ಹೋಯಿತು. ಅವರ ಪುಸ್ತಕಗಳು ಫಳಫಳ ಹೊಳೆಯುತ್ತಿದ್ದವು. ಅಕ್ಕ ಒಂದನ್ನು ಬಿಡಿಸಿ ನೋಡಿದಳು. ಪ್ರೆಸ್ಸಿನವರು ಕತ್ತರಿಸಲು ಮರೆತ ಹಾಳೆಗಳು ಇನ್ನೂ ಕೂಡಿಕೊಂಡೇ ಇದ್ದವು.

"ಮೇಷ್ಟ್ರೇ, ಇದನ್ನ ಮಕ್ಳು ಓದಿದಾರಾ?"

"ಛೆ ಛೆ! ಮಕ್ಳ ಕೈಗೆ ಕೊಟ್ರೆ ಹಿಂಗೆ ಉಳಿಯುತ್ತೇನಮ್ಮಾ? ಹನ್ನೊಂದು ವರ್ಷದಲ್ಲಿ ಬೀರು ಬೀಗ ತೆಗೆದಿದ್ದು ಇವತ್ತೇ."

"ಮುಂದಿನ ವರ್ಷ ನಿಮಗೆಲ್ಲ ಇವರೇ ತರಬೇತಿ ಕೊಡ್ತಾರೆ," ಎಂದರು ಅಧಿಕಾರಿ. ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಅಕ್ಕ ಆ ಹೊಳೆಯುವ ಪುಸ್ತಕವನ್ನು ತನ್ನ ಚೀಲಕ್ಕೆ ತುರುಕಿಕೊಂಡಳು.

"ಅಯ್ಯೋ, ಅದು ನಮ್ದು!" ಎಂದು ಮೇಷ್ಟ್ರು ಕೂಗಿದರು.

"ಗೊತ್ತು ಮೇಷ್ಟ್ರೇ," ಎಂದಳು ಅಕ್ಕ. "ಹರಿದ ಮೇಲೆ ವಾಪಸ್ ಕೊಡ್ತೀನಿ."