ಪಕ್ಕದ ಹೊಲದವಳ ಕಣ್ಣು

ನನ್ನ ಟೊಮೆಟೊ ಕೆಡಿಸಿದ್ದು ಪಕ್ಕದ ಹೊಲದವಳ ಕಣ್ಣಲ್ಲ, ನಾನೇ ಉಳಿಸಿಕೊಂಡಿದ್ದ ಮೂರು ರೋಗದ ಗಿಡ. ಇದು ನನಗೆ ತಿಳಿದದ್ದು ನಿನ್ನೆ. ಅವಳು ಸತ್ತು ಎರಡು ವರ್ಷವಾಯಿತು.

ನಿನ್ನೆ ಸೊಸೆಯ ಬೆಳೆ ನೋಡಲು ಕೃಷಿ ಕಾಲೇಜಿನ ಹುಡುಗಿಯೊಬ್ಬಳು ನಮ್ಮೂರು ನಂದಗುಡಿಗೆ ಬಂದಿದ್ದಳು. ಮುದುರಿದ ಟೊಮೆಟೊ ಎಲೆ ಕಿತ್ತು ನನ್ನ ಕೈಗಿಟ್ಟಳು. ಆ ಹಸಿ ಕಮಟು ವಾಸನೆಗೆ ಪಕ್ಕದ ಹೊಲದವಳು ಕಣ್ಣ ಮುಂದೆ ಬಂದು ನಿಂತಳು...

ನಮ್ಮಿಬ್ಬರ ಹೊಲದ ನಡುವೆ ಒಂದೇ ಬದು. ಮಧ್ಯಾಹ್ನ ಅವಳು ಮುದ್ದೆ ತಂದರೆ ನಾನು ಸಾರು ತರುತ್ತಿದ್ದೆ, ಬದುವಿನ ಮೇಲೆ ಕೂತು ಉಣ್ಣುತ್ತಿದ್ದೆವು. ಒಂದು ವರ್ಷ ಹಳೇ ಟೊಮೆಟೊ ಬೆಳೆ ತೆಗೆದಾಗ ಮೂರು ಗಿಡ ಬಿಟ್ಟಿದ್ದೆ. ಎಲೆ ಮುದುರಿದ್ದರೂ ಸಾರಿಗೆ ನಾಲ್ಕು ಕಾಯಿ ಕೊಡುತ್ತಿದ್ದವು.

"ಅವಕ್ಕೆ ರೋಗ ಹಿಡಿದದೆ, ಕಿತ್ತಾಕಕ್ಕಾ" ಎಂದಳು. ಹೊಟ್ಟೆಕಿಚ್ಚು ಎಂದುಕೊಂಡೆ.

ಹೊಸ ಸಸಿ ಹೂವಿಗೆ ಬಂದಾಗ ಬಾಯಿ ತುಂಬ ಹೊಗಳಿದಳು. ಹೊಗಳಿದವರು ನೆಟಿಗೆ ಮುರಿಯಬೇಕು, ಇಲ್ಲದಿದ್ದರೆ ದೃಷ್ಟಿ ತಾಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಅವಳು ಮುರಿಯಲಿಲ್ಲ. ತಲೆ ಮೇಲಿನ ಹುಲ್ಲಿನ ಹೊರೆಗೆ ಎರಡೂ ಕೈ ಕೊಟ್ಟಿದ್ದಳು. ಕೆಲವೇ ವಾರದಲ್ಲಿ ಹೊಲವೆಲ್ಲ ಹಳದಿ ತಿರುಗಿ ಮುದುರಿತು. ಅವಳ ಕಣ್ಣೇ ತಾಗಿತೆಂದು ಊರೆಲ್ಲ ಹೇಳಿದೆ.

"ನನ್ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರೆ ಮೊದ್ಲು ನಮ್ಮತ್ತೆ ಒಣಗ್ಬೇಕಿತ್ತು ಕಣಕ್ಕಾ" ಎಂದು ಬದುವಿನಾಚೆ ನಿಂತು ನಕ್ಕಳು. ನಾನು ನಗಲಿಲ್ಲ.

ಅಂದಿನಿಂದ ನನ್ನ ಹೊಲ ದಾಟುವಾಗ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಿದ್ದಳು. ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಬಂದವಳು ಮಗುವಿನ ಮುಖ ನೋಡಲೇ ಇಲ್ಲ. ಪಾದ ಸವರಿ ಹೋದಳು...

"ವೈರಸ್ ಹೊಕ್ಕ ಗಿಡದ ಒಳಗಿನ ಅಡುಗೇನೇ ಬದಲಾಗ್ಬಿಡುತ್ತೆ ಅಜ್ಜಿ" ಎಂದಳು ಕಾಲೇಜಿನ ಹುಡುಗಿ. "ಸಕ್ಕರೆ ಕಾಯಿಗೆ ಹೋಗ್ದೆ ಎಲೇಲೇ ನಿಲ್ಲುತ್ತೆ. ಬಿಳಿ ನೊಣಕ್ಕೆ ಆ ರಸ ಹಿಡಿಸುತ್ತೆ, ಅಲ್ಲೇ ಮೊಟ್ಟೆ ಇಡುತ್ತೆ. ವೈರಸ್ ಹೊತ್ತ ಮೇಲೆ ನೊಣದ ಮೈಯೂ ಬದಲಾಗುತ್ತೆ. ಒಳ್ಳೇ ಗಿಡ ಹುಡುಕ್ಕೊಂಡು ಹೋಗಿ ಜಾಸ್ತಿ ಹೊತ್ತು ಹೀರುತ್ತೆ, ರೋಗ ಅದಕ್ಕೂ ಅಂಟುತ್ತೆ."

"ಹೊಲ ಕೆಡ್ಸೋಕೆ ಮೂರು ಗಿಡ ಸಾಕೇನವ್ವ?"

"ಒಂದೇ ಸಾಕು."

ಇವತ್ತು ಬೆಳಿಗ್ಗೆ ಹಾಲಿನ ಡೈರಿಗೆ ಹೋದೆ. ಕ್ಯಾನು ಹಿಡಿದು ಸಾಲು ನಿಂತವರಿಗೆಲ್ಲ ಕೇಳುವಂತೆ, "ಅವತ್ತು ನನ್ ಟೊಮೆಟೊಗೆ ಪಕ್ಕದ ಹೊಲದವ್ಳ ಕಣ್ಣು ತಾಗ್ತು ಅಂದಿದ್ದೆ. ಅಲ್ಲ. ಅವ್ಳು ಕೀಳು ಅಂದ ಗಿಡಾನ ನಾನು ಕೀಳ್ಲಿಲ್ಲ, ಅದಕ್ಕೇ ಬೆಳೆ ಕೆಟ್ಟಿದ್ದು" ಎಂದೆ.

"ಅವ್ಳೇ ಇಲ್ವಲ್ಲ, ಈಗ್ಯಾಕಜ್ಜಿ?" ಎಂದ ಹಾಲು ಅಳೆಯುವವನು.

"ಅವತ್ತು ಹೇಳಿದ್ದು ಕೇಳಿದ್ರಲ್ಲ, ಇದನ್ನೂ ಕೇಳಿ."

ಕೇಳಬೇಕಾದವಳು ಸಾಲಿನಲ್ಲಿ ಇರಲಿಲ್ಲ. ಹಾಲು ಸುರಿದು ಮನೆಗೆ ಬಂದೆ.