ಹಾಸಿಗೂ ಹೊಕ್ಕಿಗೂ ಒಂದೇ ನೂಲು

ನಮ್ಮ ವಿಜ್ಞಾನ ಮಾಸ್ತರ ಬಲಗೈ ಬೆರಳ ತುದಿಗಳು ಸದಾ ಬೆಳ್ಳಗಿರುತ್ತಿದ್ದವು. ಸೀಮೆಸುಣ್ಣವೆಂದೇ ನಾವು ತಿಳಿದಿದ್ದೆವು. ಅದು ಇಳಕಲ್ಲಿನ ಓಣಿಗಳ ಗೋಡೆಯ ಸುಣ್ಣ. ಹೊತ್ತು ಇಳಿದರೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ; ಗೋಡೆ ಸವರುತ್ತಲೇ ಮನೆ ಮುಟ್ಟುತ್ತಿದ್ದರು.

ನಮ್ಮ ಹೈಸ್ಕೂಲಿನಲ್ಲಿ ಅನುವಂಶೀಯತೆಯ ಪಾಠ ಬಂದರೆ ಅವರು ಬಟಾಣಿ ಗಿಡ ಬಿಟ್ಟು ಹಳೆಯ ಕಾವ್ಯ ಹಿಡಿಯುತ್ತಿದ್ದರು. ಕಾವ್ಯದ ಕುರುಡು ಅರಸನೆಂದರೆ ಅವರಿಗೆ ಚೇಷ್ಟೆಗೆ ಸಿಕ್ಕ ಖಾಸಾ ಬೀಗ.

"ತಾಯಿ ಕಣ್ಣು ಮುಚ್ಚಿದ್ದಕ್ಕ ಕೂಸು ಕುರುಡ ಆತಂತ! ಹಂಗಾದ್ರ ನಮ್ಮೂರಾಗ ನಾಚಿಗೊಂಡ ಮದುಮಗಳಿಗೆಲ್ಲಾ ಕುರುಡ ಮಕ್ಕಳಽ ಹುಟ್ಟಬೇಕಿತ್ತು. ಕವಿಗೆ ಖರೆ ಕಾರಣ ತಿಳೀಲಿಲ್ಲ. ತಾಯಿ ಮ್ಯಾಲ ಹಾಕಿ ಕೈ ತೊಳಕೊಂಡ."

ನಾವು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಆ ಅರಸನ ಹಿರಿಮಗ ಹುಟ್ಟಿದಾಗಿನ ಅಪಶಕುನದ ಪದ್ಯ ಬಂದರೆ ಅವರೇ ನರಿಯಂತೆ ಊಳಿಟ್ಟು, "ಕೂಸು ಹುಟ್ಟಿದಾಗ ನರಿ ಕೂಗಿದ್ದು ಎಲ್ಲಾರಿಗೂ ಕೇಳಿಸ್ತು. ಲಗ್ನಾ ಮಾಡೂ ಮುಂದ ಯಾರಿಗೂ ಏನೂ ಕೇಳಸಲಿಲ್ಲ" ಎನ್ನುತ್ತಿದ್ದರು. ಆ ಮಾತಿಗೆ ಮಾತ್ರ ಯಾಕೋ ನನಗೆ ನಗು ಬರುತ್ತಿರಲಿಲ್ಲ.

ನಾನು ಹುಟ್ಟಿದಾಗಲೇ ನನ್ನನ್ನು ಸೋದರಮಾವನಿಗೆಂದು ಗೊತ್ತು ಮಾಡಿದ್ದರು. ಮಾವ ನಮ್ಮ ಮನೆಯಲ್ಲೇ ಸೀರೆ ನೇಯುತ್ತಿದ್ದ. ಒಂದು ಸಂಜೆ ಓಣಿಯಲ್ಲಿ ಅವನೂ ಮಾಸ್ತರೂ ಒಂದೇ ಗೋಡೆ ಹಿಡಿದು ಎದುರುಬದುರಾಗಿ ಬಂದು ತಲೆಗೆ ತಲೆ ಡಿಕ್ಕಿ ಹೊಡೆದರು. ಊರೆಲ್ಲ ನಕ್ಕಿತು. ಮಾಸ್ತರು ನಗಲಿಲ್ಲ. ಮರುದಿನ ಬಿಸಿಲಿರುವಾಗಲೇ ನಮ್ಮ ಮನೆಗೆ ಬಂದು ನನ್ನ ಲಗ್ನದ ಮಾತು ತೆಗೆದರು.

"ನಮ್ಮ ನೂಲು ನಮ್ಮ ಮಗ್ಗದಾಗಽ ಇರಲಿ ಬಿಡ್ರಿ" ಎಂದಳು ಅವ್ವ.

"ಹಾಸಿನಾಗ ಒಂದು ಎಳಿ ಕೆಟ್ಟಿದ್ರ ಹೊಕ್ಕು ಮುಚ್ಚತೈತ್ರಿ ಅಕ್ಕಾರ. ಅದಽ ಕೆಟ್ಟ ಎಳಿ ಹೊಕ್ಕಿನಾಗೂ ಬಂದ್ರ ಅಲ್ಲೇ ಸೀರಿ ಹರೀತೈತಿ. ನಮ್ಮವ್ವನೂ ಸೋದರಮಾವನ್ನಽ ಮಾಡ್ಕೊಂಡಿದ್ಲು. ಆ ಹರದ ಸೀರಿ ನಾನಽ." ನನ್ನ ಕಡೆ ಕೈ ತೋರಿಸಿದರು. "ಈಕಿನ್ನ ಕೊಡಬ್ಯಾಡ್ರಿ."

ಅವ್ವ ಮಾಸ್ತರ ಮಾತನ್ನು ಅಕ್ಷರಶಃ ನಡೆಸಿದಳು. ನನ್ನನ್ನು ಬಾಗಲಕೋಟೆಗೆ, ಬಳಗವೇ ಅಲ್ಲದ ಮನೆಗೆ ಕೊಟ್ಟಳು. ಮಾವನಿಗೆ ನನ್ನ ತಂಗಿಯನ್ನು ಕೊಟ್ಟಳು. ಮಾಸ್ತರು ಬೇಡವೆಂದದ್ದು ನನ್ನನ್ನು ತಾನೇ? ಕೆಟ್ಟ ಎಳೆ ನಾನೊಬ್ಬಳೇ ಎಂದು ಅವಳು ತಿಳಿದಿದ್ದಳು.

ಅಷ್ಟರಲ್ಲಿ ಮಾಸ್ತರಿಗೆ ಹಗಲೂ ಕಾಣದಾಗಿ, ನೌಕರಿ ಬಿಟ್ಟು ಹುನಗುಂದದ ತಮ್ಮನ ಮನೆ ಸೇರಿದ್ದರು. ನೋಡಲು ಹೋದೆ. ದನಿಯಿಂದಲೇ ಗುರುತು ಹಿಡಿದು, "ನಿನ್ನ ತಂಗಿನ್ನ ಎಲ್ಲಿ ಕೊಟ್ರವಾ?" ಎಂದರು. ಹೇಳಿದೆ.

"ನಾ ನಿನ್ನೊಬ್ಬಾಕಿನ್ನಽ ತೋರಿಸಿ ಹೇಳಿದ್ನೇನು?"

"ಹೂಂ ರೀ ಸರ."

"ಬಸರ ಅದಾಳೇನು?"

"ಹೂಂ ರೀ."

ಅಂದು ಕಾವ್ಯವೂ ಬರಲಿಲ್ಲ, ಚೇಷ್ಟೆಯೂ ಬರಲಿಲ್ಲ.

ಆ ಕೂಸು ಹುಟ್ಟುವ ಮೊದಲೇ ಅವರು ತೀರಿಕೊಂಡರು. ಈಗ ಹುಡುಗ ಸಾಲೆಗೆ ಹೋಗುತ್ತಾನೆ. ದೀಪ ಹಚ್ಚುವ ಹೊತ್ತಾಯಿತೆಂದರೆ ತಂಗಿ ಅವನನ್ನು ಒಳಗೆ ಕರೆದು ಬಾಗಿಲು ಹಾಕುತ್ತಾಳೆ. ನಾನು ತವರಿಗೆ ಹೋದಾಗ ನನ್ನ ಮಕ್ಕಳು ಅದೇ ಅಂಗಳದಲ್ಲಿ ಬೆಳದಿಂಗಳಾಟ ಆಡುತ್ತಿರುತ್ತಾರೆ. ಅವರ ಕಣ್ಣು ಮಾಸ್ತರ ಋಣ. ತಂಗಿಯ ಎದುರು ಮಾತ್ರ ಆ ಮಾತು ನನ್ನ ಬಾಯಿಂದ ಹೊರಡುವುದಿಲ್ಲ.