ಬೀಗರು ಕೊಟ್ಟ ಹದಿನಾಲ್ಕು ನಂಬರಿನ ಡಿಸ್ಕ್

ಗೋಕಾಕದ ಪೇಟೆಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸು, ಲೈನಿಂಗು, ಸೀರೆಯ ಫಾಲ್ಸು, ಒಂದಿಷ್ಟು ರೆಡಿಮೇಡ್ ಬ್ಲೌಸು. ಅಲ್ಲಿ ನಿಂತು ನಿಂತು ನಾನು ಕಂಡುಕೊಂಡಿದ್ದೇನೆಂದರೆ, ಹೆಂಗಸರು ತಮಗಾಗಿ ಬಟ್ಟೆ ಕೊಳ್ಳುವುದಿಲ್ಲ, ಮನಸ್ಸಿನೊಳಗಿರುವ ಇನ್ಯಾರೋ ತೆಳ್ಳನೆಯವಳಿಗಾಗಿ ಕೊಳ್ಳುತ್ತಾರೆ. ಮೂವತ್ತೆಂಟರ ಮೈಯವರು ಬಂದು ಮೂವತ್ತನಾಲ್ಕು ಕೊಡಿ ಅನ್ನುತ್ತಾರೆ. ಅಳತೆ ಇದಲ್ಲ ಎಂದರೆ ಮುಖ ಗಂಟು ಹಾಕಿಕೊಂಡು ಎದುರಿನ ಅಂಗಡಿಗೆ ಹೋಗುತ್ತಾರೆ. ಅದಕ್ಕೇ ನಾನು ಮೂವತ್ತೆಂಟರ ಚೀಟಿ ಕಿತ್ತು ಬಿಸಾಕಿ, ಬಾಯಿ ಮುಚ್ಚಿಕೊಂಡು ಕಟ್ಟಿಕೊಡುತ್ತೇನೆ. 'ನೋಡ್ರಿ, ಮೂವತ್ನಾಕು ಹೆಂಗ ಬರೋಬ್ಬರಿ ಕುಂತೈತಿ' ಎಂದು ಮರುದಿನ ಬಂದು ತೋರಿಸಿ ಹೋದವರಿದ್ದಾರೆ. ನಾನು ಹೌದ್ರಿ ಅಂದಿದ್ದೇನೆ.

ಇಷ್ಟೆಲ್ಲ ಬಲ್ಲವಳು ಒಂದು ಪ್ಲಾಸ್ಟಿಕ್ ತಟ್ಟೆಯ ಮುಂದೆ ಅದೇ ಗಿರಾಕಿಯಾಗಿ ನಿಂತೆ.

ಮೂಡಲಗಿಯಲ್ಲಿರುವ ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ, ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಪುಣೆಯಲ್ಲಿ ಯಾವುದೋ ತರಬೇತಿಗೆ ಹೋದವರು ಚೀಲದ ತುಂಬ ಬಣ್ಣಬಣ್ಣದ ಡಿಸ್ಕ್ ತುಂಬಿಕೊಂಡು ಬಂದರು. ಕಲ್ಲೋಳಿಯ ದಾರಿಯಲ್ಲಿ ಅವರದೊಂದು ಮಡ್ಡಿ ಹೊಲ ಇದೆ. ಕಲ್ಲು ಬಿಟ್ಟರೆ ಅಲ್ಲಿ ಏನೂ ಬೆಳೆಯುವುದಿಲ್ಲ. ಅಲ್ಲಲ್ಲಿ ಕಂಬ ನೆಟ್ಟು, ಘಟಪ್ರಭಾದಲ್ಲಿ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಬುಟ್ಟಿ ಕೂರಿಸಿ, ಬುಟ್ಟಿಯ ಮೇಲೆ ಹಳೆಯ ಸೈಕಲ್ ಚೈನುಗಳನ್ನು ಇಳಿಬಿಟ್ಟರು. ದೂರದಿಂದ ಡಿಸ್ಕ್ ಎಸೆಯುತ್ತ ಹೋಗಿ ಕೊನೆಗೆ ಚೈನಿಗೆ ಬಡಿಸಿ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಇದಕ್ಕೆ ಡಿಸ್ಕ್ ಗಾಲ್ಫ್ ಅನ್ನುತ್ತಾರೆ. ಭಾನುವಾರ ಯಜಮಾನರನ್ನು ಅಂಗಡಿಯಲ್ಲಿ ಕೂರಿಸಿ ನಾನು ಮೂಡಲಗಿ ಬಸ್ಸು ಹತ್ತತೊಡಗಿದೆ. ನಮ್ಮ ಯಜಮಾನರಿಗೆ ಗುಲಾಬಿಗೂ ಕನಕಾಂಬರಕ್ಕೂ ವ್ಯತ್ಯಾಸ ತಿಳಿಯದು. ಸೋಮವಾರವೆಲ್ಲ ನನಗೆ ಬಟ್ಟೆ ಬದಲಾಯಿಸಿ ಕೊಡುವುದೇ ಕೆಲಸ.

ಅಷ್ಟರಲ್ಲಿ ಮಗಳನ್ನು ಹುಕ್ಕೇರಿಗೆ ಕೊಟ್ಟಿದ್ದೆವು. ಬೀಗರಿಗೆ, ಅಂದರೆ ಅಳಿಯನ ತಂದೆಗೆ, ಅಲ್ಲಿ ಬೀಜ ಗೊಬ್ಬರದ ಅಂಗಡಿ. ಆಟದ ಸುದ್ದಿ ಕೇಳಿ ಒಂದು ಭಾನುವಾರ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಬಂದರು. 'ಪರಾತ ಒಗ್ಯಾಕ ಇಷ್ಟು ದೂರ ಬರ್ತೀರೇನ್ರಿ' ಎಂದು ನಾವು ಎಸೆಯುವ ತಟ್ಟೆಗಳನ್ನು ಕಂಡು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಬಿಳಿ ಅಂಗಿ ಕೆಂಪಾಗಿತ್ತು, ಬೀಗರನ್ನು ಹೊಲದಿಂದ ಎಬ್ಬಿಸುವುದೇ ಕಷ್ಟವಾಯಿತು. ಆಮೇಲೆ ಅವರು ತಪ್ಪಿಸಿದ ಭಾನುವಾರವಿಲ್ಲ.

ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಮುಂದೆ ಒಂದು ಮೆಟ್ಟಿಲು ಕೆಳಗೆ ನಿಲ್ಲಬೇಕು ಎಂದು ಎಲ್ಲಿಯೂ ಬರೆದಿಲ್ಲ. ನಾವು ಬಸವಣ್ಣನ ಹೆಸರು ಹೇಳಿಕೊಂಡು ಊಟಕ್ಕೆ ಕೂರುವ ಜನ. ಎಲ್ಲರೂ ಸಮಾನರು ಅನ್ನುತ್ತೇವೆ, ಆಮೇಲೆ ಮೊದಲ ರೊಟ್ಟಿಯನ್ನು ಬೀಗರ ತಾಟಿಗೆ ಹಾಕುತ್ತೇವೆ. ಹೊಲದಲ್ಲಿಯೂ ಹಾಗೇ ಆಯಿತು. ಒಂದೇ ಒಂದು ಕುರ್ಚಿ ಇತ್ತು, ಅದು ಬೀಗರದು. ಅವರು ಗೆಲ್ಲುವ ಹೊತ್ತಿಗೆ ನನ್ನ ಡಿಸ್ಕ್ ಕೈಯಳತೆಯ ದೂರದಿಂದಲೂ ಬುಟ್ಟಿ ತಪ್ಪುತ್ತಿತ್ತು. ಮಗಳು ಆ ಮನೆಯಲ್ಲಿ ಬಾಳಬೇಕಲ್ಲ, ಒಂದು ಆಟ ಸೋತರೆ ನನ್ನ ಗಂಟೇನು ಹೋಗುತ್ತದೆ ಅಂದುಕೊಳ್ಳುತ್ತಿದ್ದೆ. ಖರೆ ಹೇಳಬೇಕೆಂದರೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತಿತ್ತು.

ಮಗಳಿಗೆ ದಿನ ತುಂಬುತ್ತ ಬಂದಾಗ ಹುಕ್ಕೇರಿಯಲ್ಲಿ ಕುಬಸ, ಅಂದರೆ ಸೀಮಂತ ಇಟ್ಟುಕೊಂಡರು. ಹಸಿರು ಸೀರೆ, ಹಸಿರು ಬಳೆ, ಡಬ್ಬಿ ತುಂಬ ಕರದಂಟು ಹೊತ್ತುಕೊಂಡು ಹೋದೆವು. ಆಹೇರಿ ಕೊಡುವ ಹೊತ್ತು ಬಂತು. ಆಹೇರಿ ಎಂದರೆ ಇಂಥ ಕಾರ್ಯದಲ್ಲಿ ಬೀಗರು ಬೀಗರಿಗೆ ಕೊಡುವ ಉಡುಗೊರೆ. ಅದನ್ನು ಬೇಡ ಅನ್ನುವಂತಿಲ್ಲ, ಕೊಟ್ಟವರ ಎದುರಿಗೆ ಬಳಸಿ ತೋರಿಸಬೇಕು. ಬೀಗರು ನನ್ನ ಉಡಿಗೆ ಸೀರೆ ಹಾಕಿಸಿ, ಅದರ ಮೇಲೆ ಒಂದು ಕೆಂಪು ಡಿಸ್ಕ್ ಇಡಿಸಿದರು. ದೂರಕ್ಕೆ ಎಸೆಯುವ ಡ್ರೈವರ್. ಮೇಲೆ ದೊಡ್ಡದಾಗಿ ಹದಿನಾಲ್ಕು ಎಂದಿತ್ತು.

'ಹಳ್ಳ ದಾಟಸಾಕ ಆಗವಲ್ದು ಅಂತಿದ್ರೆಲಾ ಬೀಗತ್ಯಾರ, ಇದನ್ನ ಒಗೀರಿ' ಅಂದರು. 'ಹದಿನಾಕಕ್ಕಿಂತ ಮ್ಯಾಲ ಕಂಪನಿಯವ್ರೂ ಹೋಗಿಲ್ಲ. ತೂಕ ನೋಡ್ರಿ, ಕಬ್ಬಿನ ಜಲ್ಲಿ ಹಿಡದಂಗ ಐತಿ.'

ನಾನು ತೂಗಿ ನೋಡಿ ಭಾರೀ ಐತ್ರಿ ಅಂದೆ. ಅದೇ ಹೊತ್ತಿಗೆ ನನ್ನ ಹೆಬ್ಬೆರಳು ಅಂಚಿನ ಮೇಲೆ ಹರಿಯಿತು. ತುಂಬ ಗೀರುಗಳಿದ್ದವು. ನಾನು ಬಟ್ಟೆಯಂಗಡಿಯವಳು, ಮಡಿಕೆ ಮುರಿದ ಸೀರೆಯನ್ನು ಕತ್ತಲಲ್ಲಿಯೂ ಗುರುತು ಹಿಡಿಯುತ್ತೇನೆ. ಆದರೆ ಬೀಗರು ಕೊಟ್ಟದ್ದರ ಹುಳುಕು ಬೀಗರ ಮನೆಯಲ್ಲಿ ಕೂತು ಎತ್ತುವುದುಂಟೆ?

ಹಳ್ಳದ ಕಥೆ ಹೇಳಿಬಿಡುತ್ತೇನೆ. ನಮ್ಮ ಕೊನೆಯ ಬುಟ್ಟಿ ಹಳ್ಳದ ಆಚೆ ದಡದಲ್ಲಿದೆ, ಎಡಕ್ಕೆಲ್ಲ ಜಾಲಿ ಕಂಟಿ. ಮೊದಲ ಎಸೆತಕ್ಕೇ ಹಳ್ಳ ದಾಟಿಸಿದವರಿಗೆ ಗೆಲುವು ಅರ್ಧ ಕೈಗೆ ಬಂದಂತೆ. ನಾನಾಗ ಹೊಸಬಳೂ ಅಲ್ಲ, ಪಳಗಿದವಳೂ ಅಲ್ಲ. ಸಣ್ಣ ಡಿಸ್ಕ್‌ಗಳನ್ನು ನೆಟ್ಟಗೆ ಎಸೆಯುತ್ತಿದ್ದೆ, ಹಳ್ಳ ಮಾತ್ರ ದಾಟುತ್ತಿರಲಿಲ್ಲ. ಕೆಂಪು ಹದಿನಾಲ್ಕನ್ನು ಕೈಗೆತ್ತಿಕೊಂಡು ಬೀಸಿದರೆ ಅದು ಒಂದಿಷ್ಟು ದೂರ ಹೋಗಿ, ಎಡಕ್ಕೆ ತಿರುಗಿ, ಸೀದಾ ಜಾಲಿಗೆ ಬೀಳುತ್ತಿತ್ತು. ಮುಳ್ಳು ಚುಚ್ಚಿಸಿಕೊಂಡು ಹುಡುಕಿ ತರುವವಳು ನಾನು. 'ಇನ್ನೂ ಜೋರ್ ಒಗೀರಿ ಬೀಗತ್ಯಾರ' ಎಂದು ಬೀಗರು ಕುರ್ಚಿಯಿಂದ ಹುರಿದುಂಬಿಸುತ್ತಿದ್ದರು. ಆಹೇರಿಯ ಸೀರೆಯಾದರೆ ಒಮ್ಮೆ ಉಟ್ಟು ಟ್ರಂಕಿನ ತಳಕ್ಕೆ ಹಾಕಬಹುದು. ಡಿಸ್ಕನ್ನು ಪ್ರತಿ ಭಾನುವಾರ ಎಸೆಯಬೇಕಾಯಿತು. ಅವರು ಮಾತ್ರ ತಮ್ಮ ಹಳೆಯ ನೀಲಿ ಡಿಸ್ಕಿನಿಂದ ನಿಧಾನಕ್ಕೆ ಎರಡು ಎಸೆತದಲ್ಲಿ ಹಳ್ಳ ದಾಟುತ್ತಿದ್ದರು.

ನೋಡಿ ನೋಡಿ ವೈನಿಗೆ ಸಾಕಾಯಿತು. ಬೀಗರು ಹೊರಟ ಮೇಲೆ ನನ್ನನ್ನು ಬದುವಿನ ಮೇಲೆ ಕೂರಿಸಿ ಡಿಸ್ಕ್ ತಿರುಗಿಸಿ ತೋರಿಸಿದರು. ಅದರ ಮೇಲೆ ನಾಲ್ಕು ನಂಬರ್ ಇರುತ್ತವೆ. ಮೊದಲನೆಯದು ವೇಗ, ಎರಡನೆಯದು ಎಷ್ಟು ತೇಲುತ್ತದೆ ಎಂಬುದು. ನನ್ನಂತೆ ಬಲಗೈಯನ್ನು ಎದೆಯ ಕಡೆಯಿಂದ ಹೊರಕ್ಕೆ ಬೀಸುವವರಿಗೆ ಡಿಸ್ಕ್ ಮೊದಲು ಎಷ್ಟು ಬಲಕ್ಕೆ ವಾಲುತ್ತದೆ ಎಂದು ಮೂರನೆಯದು ಹೇಳುತ್ತದೆ, ಕೊನೆಗೆ ಎಷ್ಟು ಎಡಕ್ಕೆ ಬೀಳುತ್ತದೆ ಎಂದು ನಾಲ್ಕನೆಯದು.

'ಹದಿನಾಕು ಅಂದ್ರ ದೂರ ಹೋಗತೈತಿ ಅಂತಲ್ಲವಾ' ಅಂದರು ವೈನಿ. 'ನೀ ಅಷ್ಟು ಜೋರ್ ಒಗದ್ರ ಮಾತ್ರ ಹೋಗತೈತಿ ಅಂತ. ಒಗೀಲಿಲ್ಲಂದ್ರ ನಡುದಾರ್ಯಾಗ ಎಡಕ್ಕ ಮಕ್ಕೋತೈತಿ. ಅಷ್ಟು ಕಸುವು ನಿನಗೂ ಇಲ್ಲ, ನನಗೂ ಇಲ್ಲ. ನಡುವಿನವ್ರಿಗೆ ಒಂಬತ್ತು, ಭಾಳಂದ್ರ ಹತ್ತು. ತೂಕ ಕಡಿಮಿ ಇರಲಿ. ಮೂರನೇ ನಂಬರು ಮೈನಸ್ ಇರಲಿ, ಅಂದ್ರ ಬಲಕ್ಕ ವಾಲತೈತಿ. ಕಡೀದು ಸಣ್ಣದಿರಲಿ. ಅಂಚು ಬೆರಳಾಗ ಕುಂದ್ರಬೇಕು. ನನ್ನ ಕಡೆ ಒಂಬತ್ತರದ್ದು ಐತಿ, ತಗೋ.'

'ಬೀಗರು ಹದಿನಾಕು ಕೊಟ್ಟಾರ, ನಾ ಒಂಬತ್ತು ಒಗೀಲೇನ್ರಿ? ಹನ್ನೆರಡರ ಐತೇನು ನೋಡ್ರಿ' ಅಂದೆ. ವೈನಿ ನನ್ನ ಮುಖ ನೋಡಿ, ಚೀಲದ ಬಾಯಿ ಕಟ್ಟಿ ಎದ್ದರು.

ಕುಬಸ ಮುಗಿಸಿ ಮಗಳನ್ನು ಬಾಣಂತನಕ್ಕೆ ನಾವು ಗೋಕಾಕಕ್ಕೆ ಕರೆತಂದಿದ್ದೆವು. ಒಂದು ಸಂಜೆ ನಾನು ಕಾಲಿನ ಜಾಲಿ ಮುಳ್ಳು ಕೀಳುತ್ತ ಕೂತಿದ್ದೆ. ಮಗಳು ಕರದಂಟು ತಿನ್ನುತ್ತ ಸುಮ್ಮನೆ ನೋಡುತ್ತಿದ್ದಳು.

'ಅವ್ವಾ, ಆ ಕೆಂಪಂದು ಮಾವಾರು ತಮಗಂತ ತರಿಸಿದ್ದು' ಅಂದಳು. 'ಹಿತ್ತಲದಾಗ ನುಗ್ಗಿ ಗಿಡಕ್ಕ ಬಡದು ಬಡದು ಸಾಕಾಗಿ ನಿನಗ ಆಹೇರಿ ಮಾಡ್ಯಾರ.'

ಗೀರುಗಳ ಕಥೆ ಗೊತ್ತಾಯಿತು. ನಾನು ನಗಬೇಕೆಂದಿದ್ದೆ, ಅವಳು ನಗಲಿಲ್ಲ.

'ಇನ್ನೊಂದು ಹೇಳ್ತೇನಿ, ಸಿಟ್ಟಾಗಬ್ಯಾಡ. ನೀ ಬೇಕಂತ ಸೋಲ್ತಿ ಅನ್ನೂದು ನನಗ ಗೊತ್ತೈತಿ. ಅವ್ರಿಗೆ ಗೊತ್ತಿಲ್ಲ. ಹೊಲದಿಂದ ಬಂದು ಊಟಕ್ಕ ಕುಂತಾಗ ಮಾವಾರು ನೀ ಹೆಂಗ ಒಗೀತಿ ಅಂತ ಮಾಡಿ ತೋರಸ್ತಾರ. ಎಲ್ಲಾರೂ ನಗತಾರ. ಕೆಟ್ಟ ಮನಸ್ಸಿಂದಲ್ಲ. ಆದ್ರ ನಾನೂ ನಗಬೇಕಾಗತೈತಿ.'

ಮುಳ್ಳು ಅಲ್ಲಿಯೇ ಉಳಿಯಿತು. ಅವಳು ಆ ಮನೆಯಲ್ಲಿ ಹಗುರಾಗಿ ಇರಲಿ ಎಂದು ನಾನು ಸೋಲುತ್ತಿದ್ದೆ. ಆ ಸೋಲನ್ನು ಅವಳು ಪ್ರತಿ ಭಾನುವಾರ ಊಟದ ಜೊತೆ ನುಂಗುತ್ತಿದ್ದಳು. ನನಗೆ ಅಳು ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿಯುವ ಸಿಟ್ಟು ಬಂತು. ಹೆರಿಗೆಗೆ ಮುಂಚೆ, ಇವಳ ಕಣ್ಣೆದುರೇ ಬೀಗರನ್ನು ಒಮ್ಮೆ ಸೋಲಿಸಬೇಕು ಎಂದುಕೊಂಡೆ.

ಮರುದಿನವೇ ಮೂಡಲಗಿಗೆ ಹೋದೆ. ವೈನಿ ಒಂದು ಗಿಳಿಹಸಿರು ಡಿಸ್ಕ್ ಕೊಟ್ಟರು. ಅದರ ಮೇಲೆ ನಂಬರೇ ಇರಲಿಲ್ಲ.

'ತಿಕ್ಕಿ ತಿಕ್ಕಿ ಹೋಗೈತಿ' ಅಂದರು ವೈನಿ. 'ಹನ್ನೆರಡ ಇರಬೇಕು. ಒಗದು ನೋಡು.'

ಅಂಚು ಬೆರಳಿಗೆ ಸರಿಯಾಗಿ ಕೂತಿತು. ಬೀಸಿದೆ. ಡಿಸ್ಕ್ ಸ್ವಲ್ಪ ಬಲಕ್ಕೆ ವಾಲಿತು, ನೆಟ್ಟಗಾಯಿತು, ತೇಲುತ್ತ ಹೋಗಿ ಹಳ್ಳ ದಾಟಿ ಮೆಲ್ಲಗೆ ಎಡಕ್ಕೆ ಇಳಿಯಿತು. ನನ್ನ ಕೈಯಿಂದಲೇ ಹೋಯಿತೇ ಎಂದು ಕೈ ನೋಡಿಕೊಂಡೆ. 'ನೋಡ್ರಿ ವೈನಿ, ಹನ್ನೆರಡು ಹೆಂಗ ಬರೋಬ್ಬರಿ ಕುಂತೈತಿ' ಅಂದೆ. ಅಂದ ಮಾತು ನನ್ನ ಕಿವಿಗೇ ಎಲ್ಲೋ ಕೇಳಿದ್ದೆನಿಸಿತು. ಹೋಗಿ ಡಿಸ್ಕ್ ಎತ್ತಿ ಮೂಸಿ ನೋಡಿದೆ. ಉಗುರಿನ ಬಣ್ಣ ಅಳಿಸುವ ಔಷಧದ ವಾಸನೆ ಗಮ್ಮೆಂದಿತು.

'ಇದು ಒಂಬತ್ತರದ್ದು' ಅಂದೆ.

'ಹೌದ್ರಿ' ಅಂದರು ವೈನಿ, ಥೇಟ್ ನನ್ನ ಅಂಗಡಿಯ ದನಿಯಲ್ಲಿ.

ಉಳಿದದ್ದು ಆಹೇರಿಯ ತೊಡಕು. ಬೀಗರು ಎದುರಿಗಿದ್ದರೆ ಅವರು ಕೊಟ್ಟ ಕೆಂಪನ್ನೇ ಎಸೆಯಬೇಕು. ಬಂದ ಸೀರೆಯನ್ನು ಮರಳಿ ಬಂದ ಮನೆಗೇ ಕೊಡುವುದು ನಮ್ಮಲ್ಲಿ ದೊಡ್ಡ ಅವಮಾನ. ಯಾವುದು ಯಾರ ಮನೆಯದು ನೆನಪಿಟ್ಟುಕೊಳ್ಳಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವವಳೇ ನಾನು. ಆ ಭಾನುವಾರ ಬೀಗರು ಸೊಸೆಯನ್ನು ನೋಡಿದಂತೆಯೂ ಆಯಿತು, ಆಡಿದಂತೆಯೂ ಆಯಿತು ಎಂದು ಸೀದಾ ಹೊಲಕ್ಕೆ ಬಂದರು. ನಾನು ಜೊತೆಗೆ ಕರೆತಂದಿದ್ದ ಮಗಳು ಬೇವಿನ ನೆರಳಿನಲ್ಲಿ ಚಾಪೆಯ ಮೇಲೆ ಕೂತಿದ್ದಳು. ಮಾವನನ್ನು ಕಂಡು ಏಳಲು ಹೋದಳು, ಅವರೇ ಕೂರು ಕೂರು ಅಂದರು. ನಾನು ಕುಬಸದ ಆಹೇರಿಗೆ ಮರು ಆಹೇರಿ ಎಂದು ಪದ್ಧತಿಯಂತೆ ಅವರ ಹಣೆಗೆ ವಿಭೂತಿ ಹಚ್ಚಿಸಿ, ತಾಟಿನಲ್ಲಿ ಟಾವೆಲ್, ಟೊಪ್ಪಿಗೆ, ತೆಂಗಿನಕಾಯಿ ಇಟ್ಟು ಕೈಗಿತ್ತೆ. ಟಾವೆಲ್ಲಿನ ಮಡಿಕೆಯಲ್ಲಿ ತೊಳೆದು ಒರೆಸಿದ ಕೆಂಪು ಹದಿನಾಲ್ಕು ಇತ್ತು.

ಬೀಗರು ಅದನ್ನು ಎತ್ತಿ ಹಿಂದೆ ಮುಂದೆ ನೋಡಿದರು. 'ಇದನ್ನ ಎಲ್ಲೋ ನೋಡೇನಿ ಅನಸತೈತ್ರಿ.'

'ಒಂದ ನಮೂನಿವು ಭಾಳ ಬರತಾವ್ರಿ ಬೀಗರ' ಅಂದೆ. 'ನಮ್ಮ ಕೈಯಾಗ ಇಂಥವು ಮಾತು ಕೇಳೂದಿಲ್ಲ. ನಿಮ್ಮಂಥವ್ರು ಒಗೀಬೇಕು, ನಾವು ನೋಡಬೇಕು.'

ಅವರು ಸೊಸೆಯ ಕಡೆ ನೋಡಿದರು. ಅವಳು ಬಹಳ ಗಮನವಿಟ್ಟು ತನ್ನ ಬಳೆ ಎಣಿಸುತ್ತಿದ್ದಳು.

ಆಟ ಶುರುವಾಯಿತು. ಕೈಯಳತೆಯ ಬುಟ್ಟಿಗಳನ್ನು ನಾನು ತಪ್ಪಿಸುವುದನ್ನು ಬಿಟ್ಟೆ. ಬೀಗರು ಒಂದೆರಡು ಸಲ ಕನ್ನಡಕ ಒರೆಸಿಕೊಂಡರು. ಕೊನೆಯ ಬುಟ್ಟಿಗೆ ಬಂದಾಗ ಇಬ್ಬರೂ ಸರಿಸಮ. ಅವರ ಕೈ ನೀಲಿ ಡಿಸ್ಕಿನ ಕಡೆಗೆ ಹೋಯಿತು, ನಾನು ವಿನಯದಿಂದ ಕೆಂಪನ್ನು ಎತ್ತಿಕೊಟ್ಟೆ. ಆಹೇರಿ ಕೊಟ್ಟವಳು ಎದುರಿಗೇ ನಿಂತಿದ್ದೇನೆ, ಬೇಡ ಅನ್ನುವುದು ಹೇಗೆ? ಬೀಗರು ಟೊಪ್ಪಿಗೆ ಸರಿಮಾಡಿಕೊಂಡು ಮೈಯೆಲ್ಲ ತಿರುಗಿಸಿ ಬೀಸಿದರು. ಅದು ಹಳೆಯ ಮನೆಯ ದಾರಿ ಹಿಡಿದಂತೆ ಎಡಕ್ಕೆ ಹೊರಳಿ ಜಾಲಿ ಹೊಕ್ಕಿತು.

ನಾನು ಗಿಳಿಹಸಿರನ್ನು ಹಿಡಿದೆ. ಮಗಳು ಬಳೆ ಎಣಿಸುವುದನ್ನು ನಿಲ್ಲಿಸಿದ್ದಳು. ಜೋರಾಗಿ ಬೀಸಬೇಡ, ಅಳತೆಗೆ ತಕ್ಕಂತೆ ಬೀಸು ಎಂದು ನನಗೆ ನಾನೇ ಹೇಳಿಕೊಂಡು ಬಿಟ್ಟೆ. ಡಿಸ್ಕ್ ಹಳ್ಳ ದಾಟಿ ಬುಟ್ಟಿಯ ಹತ್ತಿರವೇ ಇಳಿಯಿತು. ಮುಂದಿನ ಎಸೆತಕ್ಕೆ ಸೈಕಲ್ ಚೈನು ಝಣ್ ಅಂದಿತು. ಬೀಗರು ಆಗಿನ್ನೂ ಜಾಲಿಯೊಳಗೇ ಇದ್ದರು, ಅವರ ಟೊಪ್ಪಿಗೆ ಮಾತ್ರ ಕಾಣುತ್ತಿತ್ತು.

ಊಟ ಮೂಡಲಗಿಯಲ್ಲಿ, ವೈನಿಯ ಮನೆಯಲ್ಲಿ. ಮೊದಲ ರೊಟ್ಟಿ ಎಂದಿನಂತೆ ಬೀಗರ ತಾಟಿಗೆ ಬಿತ್ತು. ಅಣ್ಣ ಏನೂ ತಿಳಿಯದೆ, 'ಹೆಂಗಾತ್ರಿ ಬೀಗರ ಇವತ್ತಿನ ಆಟ?' ಎಂದು ಕೇಳಿಬಿಟ್ಟ. ಬೀಗರು ರೊಟ್ಟಿ ಕೆಳಗಿಟ್ಟು ಎದ್ದು ನಿಂತರು. ಕೈಯನ್ನು ಎದೆಗೆ ತಂದು, ಸೊಂಟ ತುಸು ಬಾಗಿಸಿದರು. ಹಾಗೆ ನಿಲ್ಲುವವಳು ನಾನು. ಅಷ್ಟಕ್ಕೇ ತಡೆದು ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು. ಸೊಂಟ ನೆಟ್ಟಗೆ ಮಾಡಿ, ಎದೆಯುಬ್ಬಿಸಿ, ಇಲ್ಲದ ಟೊಪ್ಪಿಗೆ ಸರಿಮಾಡಿಕೊಂಡು ದೊಡ್ಡದಾಗಿ ಬೀಸಿದರು. ಆಮೇಲೆ ಕತ್ತನ್ನು ಎಡಕ್ಕೆ, ಇನ್ನೂ ಎಡಕ್ಕೆ ತಿರುಗಿಸುತ್ತ ಹೋಗಿ, 'ಅಯ್ಯ ಶಿವನ' ಎಂದು ಅಂಗೈಯಿಂದ ಮುಳ್ಳು ಕೀಳತೊಡಗಿದರು.

ಮಗಳು ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆ ನಗು ಮದುವೆಗೆ ಮುಂಚೆ ನಮ್ಮ ಮನೆಯಲ್ಲಿ ಕೇಳಿದ್ದು. ನಾನು ಎದ್ದು ಬೀಗರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಅವರ ಪಕ್ಕದಲ್ಲಿಯೇ ನನ್ನ ತಾಟು ಇಟ್ಟುಕೊಂಡು ಕೂತೆ.